ಕೆಂಪು ಟಿಕಳಿಯ ಬಟನ್

ನಾಚಾರಂನಲ್ಲಿ ನನ್ನಷ್ಟು ಬೇಗ ಕನ್ನಡ ಟೈಪ್ ಮಾಡುವವರು ಇನ್ನೂ ಹುಟ್ಟಿರಲಿಲ್ಲ. ನಾನು ಕೀಬೋರ್ಡ್ ಮುಂದೆ ಕೂತರೆ ಬೆರಳಿನ ಗಾಳಿಗೆ ಪಕ್ಕದವರ ಸೆರಗು ಹಾರುತ್ತಿತ್ತು. ಒಂದು ಬೇಸಿಗೆಯಲ್ಲಂತೂ ತಲೆಮೇಲಿನ ಫ್ಯಾನು ನಾಚಿಕೊಂಡು ತಾನಾಗಿಯೇ ನಿಂತುಬಿಟ್ಟಿತು. ಅವತ್ತು ಕರೆಂಟ್ ಹೋಗಿತ್ತು ಎಂದು ರಾಮದಾಸ ಸೇಠ್ ಹೇಳುತ್ತಾನೆ. ಸೇಠ್‌ಗೆ ಎಲ್ಲದರಲ್ಲೂ ಕರೆಂಟೇ ಕಾಣುತ್ತದೆ.

ಸೇಠ್‌ನದು ಲೇಬಲ್ ಅಚ್ಚು ಹಾಕುವ ಕಾರ್ಖಾನೆ. ಉಪ್ಪಿನಕಾಯಿ, ಖಾರಪುಡಿ, ಹಪ್ಪಳ ಇವೆಲ್ಲ ಇಲ್ಲಿಂದ ಕರ್ನಾಟಕಕ್ಕೆ ಹೋಗುವಾಗ ಡಬ್ಬಿಯ ಮೇಲೆ ಕನ್ನಡದ ಚೀಟಿ ಬೇಕಲ್ಲ, ಅದನ್ನು ಟೈಪ್ ಮಾಡುವವರು ನಾವಿಬ್ಬರು. ನಾನು ಗುರುದೇವಿ, ಗುರುಮಠಕಲ್ ಕಡೆಯವಳು. ಇನ್ನೊಬ್ಬಳು ಹುಸೇನಮ್ಮ, ಸೇಡಂ ಕಡೆಯವಳು. ಇಬ್ಬರೂ ಈ ತೆಲುಗು ಊರಿಗೆ ಬಂದದ್ದು ತಲೆಯ ಮೇಲೆ ಇಟ್ಟಿಗೆ ಹೊರುವುದಕ್ಕೆ. ಇಟ್ಟಿಗೆಯಿಂದ ಅಕ್ಷರಕ್ಕೆ ಬಂದ ಮೇಲೆ ನನ್ನ ಕತ್ತು ಎರಡು ಬೆರಳು ಉದ್ದವಾಯಿತು. ನಿಜ, ಬೇಕಿದ್ದರೆ ನನ್ನ ಹಳೆಯ ಕುಪ್ಪಸ ತಂದು ತೋರಿಸುತ್ತೇನೆ.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕನ್ನಡ ಅಕ್ಷರಗಳ ಜಾಗ ಬೆರಳಿಗೆ ಬಾಯಿಪಾಠ, ಇಂಗ್ಲಿಷ್ ಗುರುತಿನ ಬಟನ್‌ಗಳೇ ತೊಡಕು. ನಾಲ್ಕನೆಯ ಇಯತ್ತೆಯಲ್ಲಿ ಕನ್ನಡ ಕಲಿಸಿದ ಮಾಸ್ತರು ಇಂಗ್ಲಿಷ್ ಶುರುಮಾಡುವ ಮೊದಲೇ ನನ್ನ ಸಾಲೆ ಮುಗಿದಿತ್ತು. ಹಾಗಾಗಿ ಹುಸೇನಮ್ಮ ಒಂದು ಉಪಾಯ ಮಾಡಿದ್ದಳು. ತನ್ನ ಹಣೆಗೆ ಹಚ್ಚುವ ಟಿಕಳಿಯ ಚೀಟಿ ತಂದು ಬಟನ್‌ಗಳಿಗೆ ಒಂದೊಂದು ಬಣ್ಣ ಅಂಟಿಸಿದಳು. ಎಡಗಡೆ ಮೂಲೆಯ ಕಂಟ್ರೋಲ್ ಬಟನ್‌ಗೆ ದೊಡ್ಡ ಕೆಂಪು ಟಿಕಳಿ. ಅದು ಮದುಮಗನಿದ್ದಂತೆ. ಒಬ್ಬನೇ ಕೂತರೆ ಏನೂ ನಡೆಯುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬಳು ಕೂತರೇ ಕಾರ್ಯ. ಕೆಂಪಿನ ಜೊತೆ ಹಸಿರು ಒತ್ತಿದರೆ ನಕಲು. ಕೆಂಪಿನ ಜೊತೆ ಕಪ್ಪು ಒತ್ತಿದರೆ ಮಾಡಿದ ತಪ್ಪು ವಾಪಸ್. ಕೆಂಪಿನ ಜೊತೆ ಹೊಳೆಯುವ ಹರಳಿನ ಟಿಕಳಿ ಒತ್ತಿದರೆ ಬರೆದದ್ದು ಭದ್ರ. ಎಲ್ಲಕ್ಕಿಂತ ದೊಡ್ಡದು ಕೆಂಪಿನ ಜೊತೆ ನೀಲಿ. ಅದನ್ನು ಒತ್ತಿದರೆ ಒಂದು ಸಣ್ಣ ಡಬ್ಬಿ ತೆರೆಯುತ್ತಿತ್ತು. ಮೇಲೆ ಹಳೆಯ ಮಾತು, ಕೆಳಗೆ ಹೊಸ ಮಾತು ಬರೆದರೆ ಫೈಲಿನ ಉದ್ದಕ್ಕೂ ಹಳೆಯದು ಹೋಗಿ ಹೊಸದು ಬರುತ್ತಿತ್ತು. ಹತ್ತು ಊರಿನ ಹೆಸರನ್ನು ಒಂದೇ ಏಟಿಗೆ ಬದಲಿಸುವಷ್ಟು ಶಕ್ತಿ ಸರಕಾರಕ್ಕೂ ಇಲ್ಲ, ಆ ನೀಲಿ ಟಿಕಳಿಗಿತ್ತು.

ಹುಸೇನಮ್ಮ ನನಗಿಂತ ಚಿಕ್ಕವಳು, ಏಳನೆಯವರೆಗೆ ಕಲಿತವಳು, ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತಾಳೆ. ಅವಳಿಗೆ ಟಿಕಳಿ ಬೇಕಿರಲಿಲ್ಲ. ನನಗಾಗಿ ಹಚ್ಚಿದ್ದಳು. ಬಿದ್ದುಹೋದರೆ ಕೇಳುವ ಮೊದಲೇ ಹೊಸದು ಹಚ್ಚುತ್ತಿದ್ದಳು. ಅಕ್ಕತಂಗಿಯರು ಕೂಡ ಇಷ್ಟು ಮಾಡುವುದಿಲ್ಲ ಎಂದು ನಾನು ಊರಿಗೆ ಹೋದಾಗಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಊರಿನ ಕಿರಾಣಿ ಅಂಗಡಿಯಲ್ಲಿ ಮಾವಿನ ಉಪ್ಪಿನಕಾಯಿ ಡಬ್ಬಿ ಕೈಗೆತ್ತಿಕೊಂಡು, ಇದು ನಾನು ಬರೆದದ್ದು ಎಂದರೆ ಯಾರೂ ನಂಬುತ್ತಿರಲಿಲ್ಲ. ನಾನು ಹೇಳಿದ ಬೇರೆ ಮಾತುಗಳೂ ಅಂಥವೇ ಇದ್ದವು ಬಿಡಿ. ಆದರೆ ಅದೊಂದು ನಿಜವಾಗಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಸೇಠ್ ಬಂದು ಸುದ್ದಿ ಹೇಳಿದ. ಅವನು ತೆಲುಗಿನವನು. ಕನ್ನಡ ಮಾತಾಡಿದರೆ ಮೂರು ಭಾಷೆ ಒಟ್ಟಿಗೆ ಬರುತ್ತವೆ.

"ಚೂಡಂಡಿ, ನೋಡಿ, ಟೈಪಿಂಗ್ ಕೆಲ್ಸ ಎಲ್ಲಾ ಮಾದಾಪುರಕ್ಕೆ ಹೋಗ್ತದಿ. ಅಲ್ಲಿ ಹೊಸ ಆಫೀಸು, ಏಸಿ. ಕುರ್ಚಿ ಮಾತ್ರಂ ಒಂದೇ. ಇನ್ನೊಬ್ರು ಇಲ್ಲೇ ಕಟಿಂಗ್‌ಗೆ. ಉಪ್ಪಿನಕಾಯಿ ಕಂಪನಿ ಬೇಗಂಪೇಟೆ ಮೇಡಂ ಇಬ್ರನ್ನೂ ಟೆಸ್ಟ್ ಮಾಡಿ ಹೇಳ್ತಾರೆ."

ಕಟಿಂಗ್ ಅಂದರೆ ಹಿಂದಿನ ಕೋಣೆ. ಅಚ್ಚಾಗಿ ಬಂದ ಹಾಳೆಯನ್ನು ಮಿಷನ್ನಿಗೆ ಕೊಟ್ಟು ಕತ್ತರಿಸುವುದು. ದಿನವಿಡೀ ನಿಂತೇ ಇರಬೇಕು. ನಿಲ್ಲುವುದು ನನಗೆ ಹೊಸದಲ್ಲ. ಆದರೆ ಕಟಿಂಗ್‌ನಲ್ಲಿ ಅಕ್ಷರ ಇಲ್ಲ. ಬೇರೆ ಯಾರೋ ಬರೆದದ್ದನ್ನು ಅಂಚು ನೋಡಿ ಕತ್ತರಿಸಬೇಕು, ಅಷ್ಟೆ.

ಸೇಠ್ ಹೋದ ಮೇಲೆ ನಾವಿಬ್ಬರೂ ರೊಟ್ಟಿ ಡಬ್ಬಿ ಬಿಚ್ಚಿದೆವು. ಹುಸೇನಮ್ಮ ನನ್ನ ಮುಖ ನೋಡಿದಳು.

"ಯಾಕ ಮುಖಾ ಹಂಗ ಮಾಡಿ? ಯಾರಿಗೆ ಸಿಗತೈತೋ ಸಿಗಲಿ. ನೀ ಹೋದ್ರ ನನಗ ಖುಷಿ, ನಾ ಹೋದ್ರ ನೀ ಖುಷಿ ಪಡು."

"ಖುಷಿ ಪಡತೀನಿ. ಒಂದೀಟ ಅತ್ತು ಆಮ್ಯಾಲ ಪಡತೀನಿ."

"ನಮ್ಮಿಬ್ಬರ ನಡುವ ಮೋಸ ಮಾತ್ರ ಬ್ಯಾಡ." ಅವಳು ಡಬ್ಬಿಯಲ್ಲಿದ್ದ ಜೋಳದ ರೊಟ್ಟಿಯ ಮೇಲೆ ಅಂಗೈ ಇಟ್ಟಳು. "ರೊಟ್ಟಿ ಮುಟ್ಟಿ ಹೇಳಾಕತ್ತೀನಿ ನೋಡು."

ನಾನೂ ಅದೇ ರೊಟ್ಟಿ ಮುಟ್ಟಿದೆ. ನಮ್ಮ ಕಡೆ ದೇವರ ಮೇಲೆ ಆಣೆ ಇಟ್ಟು ತಪ್ಪಿದವರು ಸಿಗುತ್ತಾರೆ. ರೊಟ್ಟಿ ಮುಟ್ಟಿ ತಪ್ಪಿದವರನ್ನು ನಾನು ಕಂಡಿರಲಿಲ್ಲ.

ಮಾದಾಪುರದ ಆಫೀಸು ಜೋಡಿಸುವುದಕ್ಕೆ ಸೇಠ್ ಹುಸೇನಮ್ಮನನ್ನು ಕೆಲವು ದಿನ ಅಲ್ಲಿಗೆ ಕಳಿಸಿದ. ಅವಳಿಗೆ ತೆಲುಗು ಚೆನ್ನಾಗಿ ಬರುತ್ತದೆ, ಆಟೋದವರ ಜೊತೆ, ಬಡಗಿಗಳ ಜೊತೆ ಜಗಳಾಡಲು ಅವಳೇ ಸರಿ. ವಾಪಸ್ ಬಂದವಳನ್ನು ಕೇಳಿದೆ.

"ಹೊಸಾ ಕಂಪ್ಯೂಟರ್ ಹ್ಯಾಂಗೈತಿ?"

"ಮ್ಯಾಕ್ ಅಂತ. ಬೆಳ್ಳಿ ತಾಟ ಇದ್ದಂಗ ಐತಿ. ಮುಖಾ ನೋಡ್ಕೋಬಹುದು."

"ನನ್ನ ಬಟನ್?"

"ಎಲ್ಲಾ ಹಂಗ ಐತಿ. ಮೂಲ್ಯಾಗ ಕಂಟ್ರೋಲ್, ಅದ ಹೆಸರು, ಅದ ಜಾಗಾ. ಟಿಕಳಿ ಹಚ್ಚಿ ಬಂದೀನಿ ನಿನಗ. ನೀ ಹೋಗು, ಕೂಡು, ಹೊಡಿ."

ನನಗೆ ಕಣ್ಣು ತುಂಬಿ ಬಂತು. ಎದುರಾಳಿಯ ಕತ್ತಿಗೆ ಸಾಣೆ ಹಿಡಿದು ಕೊಡುವವಳು ಎಲ್ಲಿ ಸಿಗುತ್ತಾಳೆ?

ಟೆಸ್ಟ್ ದಿನ ಮೆಟ್ರೋ ಹತ್ತಿ ಹೋದೆವು. ಆ ಆಫೀಸಿನ ಲಿಫ್ಟು ಎಷ್ಟು ಮೇಲೆ ಹೋಯಿತೆಂದರೆ ಒಂದು ಹದ್ದು ಕಿಟಕಿಯಲ್ಲಿ ಇಣುಕಿ, ನೀವ್ಯಾರು ಎಂದು ಕೇಳಿ ಹೋಯಿತು. ಒಳಗೆ ಸೇಠ್ ಇದ್ದ. ಅವನ ಪಕ್ಕದಲ್ಲಿ ಧನಶ್ರೀ ಮೇಡಂ. ಬೇಗಂಪೇಟೆಯ ಉಪ್ಪಿನಕಾಯಿ ಕಂಪನಿಯವರು, ಸೊಲ್ಲಾಪುರದ ಮರಾಠಿಯವರು, ಕನ್ನಡ ಬಲ್ಲವರು.

ನಾನು ದೊಡ್ಡವಳು ಎಂದು ಮೊದಲು ನನ್ನನ್ನೇ ಕೂಡಿಸಿದರು. ಕುರ್ಚಿಗೆ ಗಾಲಿ ಇದ್ದವು. ಬೆಳ್ಳಗಿನ ಕೀಬೋರ್ಡಿನ ಮೇಲೆ ನನ್ನ ಟಿಕಳಿಗಳು ಜಾತ್ರೆಗೆ ಬಂದ ಮಕ್ಕಳ ಹಾಗೆ ಹೊಳೆಯುತ್ತಿದ್ದವು. ಮೂಲೆಯಲ್ಲಿ ಕೆಂಪು, ಅದೇ ಜಾಗ.

"ಈ ಫೈಲಿನಾಗ ನಮ್ಮ ಎಲ್ಲಾ ಉಪ್ಪಿನಕಾಯಿ ಅದಾವ," ಎಂದರು ಮೇಡಂ. "ಎಳ್ಳೆಣ್ಣೆ ಅಂತ ಇದ್ದಲ್ಲೆಲ್ಲಾ ಶೇಂಗಾ ಎಣ್ಣೆ ಆಗಬೇಕು. ಮಾಡ್ರಿ ನೋಡೋಣು."

ನನಗೆ ನಗು ಬಂತು. ಇದಕ್ಕೆ ಟೆಸ್ಟ್ ಬೇಕಾ? ಎಳ್ಳೆಣ್ಣೆ ಎಂಬ ಮಾತನ್ನು ಮೌಸಿನಿಂದ ಎಳೆದು ಹಿಡಿದು, ಕೆಂಪು, ನೀಲಿ ಕೂಡಿಸಿ ಒತ್ತಿದೆ.

ಡಬ್ಬಿ ತೆರೆಯಲಿಲ್ಲ. ಹಿಡಿದಿದ್ದ ಎಳ್ಳೆಣ್ಣೆ ಮಾಯವಾಯಿತು.

ಬೆರಳು ಜಾರಿತೇನೋ ಎಂದು ಇನ್ನೊಮ್ಮೆ ಒತ್ತಿದೆ. ಅದರ ಹಿಂದಿನ ಒಂದು ಅಕ್ಷರ ಹೋಯಿತು. ಮತ್ತೆ ಒತ್ತಿದೆ, ಮತ್ತೊಂದು ಹೋಯಿತು. ನಾನು ಒತ್ತಿದಷ್ಟೂ ಅದು ಹಿಂದಕ್ಕೆ ತಿನ್ನುತ್ತಾ ಹೋಯಿತು. ಉಪ್ಪು ಹೋಯಿತು, ಮೆಣಸಿನಕಾಯಿ ಹೋಯಿತು, ಮಾವಿನಕಾಯಿಯ ಅರ್ಧ ಹೋಯಿತು. ನಮ್ಮ ಊರಿನ ದೇವರ ಗೂಳಿ ಕೂಡ ಇಷ್ಟು ನಾಚಿಕೆ ಇಲ್ಲದೆ ಮೇಯುವುದಿಲ್ಲ.

"ಏನ್ ಮಾಡಾಕತ್ತೀರಿ?" ಎಂದರು ಮೇಡಂ.

"ಒಂದ್ ನಿಮಿಷ ರೀ. ತಪ್ಪಿದ್ದು ವಾಪಸ್ ತರತೀನಿ." ಕೆಂಪು, ಕಪ್ಪು ಒತ್ತಿದೆ. ಏನೂ ಬರಲಿಲ್ಲ. ಗೋಡೆಗೆ ಕೈ ಮುಗಿದಂತಾಯಿತು.

ಬೆವರು ಬಂತು. ಏಸಿಯಲ್ಲಿ ಬೆವರಿದ ಹೆಂಗಸು ಮಾದಾಪುರದಲ್ಲಿ ನಾನೊಬ್ಬಳೇ ಇರಬೇಕು. ಅವಸರದಲ್ಲಿ ಹೆಬ್ಬೆರಳು ಕೆಳಸಾಲಿನ ಉದ್ದ ಬಟನ್ ಪಕ್ಕದ, ಟಿಕಳಿ ಇಲ್ಲದ ಬೋಳು ಬಟನ್ ಮೇಲೆ ಬಿತ್ತು. ಇನ್ನೊಂದು ಬೆರಳು ನೀಲಿಯ ಮೇಲೇ ಇತ್ತು. ಫೈಲು ಪೂರ್ತಿ ಮಾಯ. ಪರದೆಯ ಮೇಲೆ ಬರೀ ಒಂದು ಗುಡ್ಡದ ಚಿತ್ರ ಉಳಿಯಿತು.

"ಅಯ್ಯೋ ದೇವುಡಾ!" ಸೇಠ್ ತಲೆ ಹಿಡಿದುಕೊಂಡ. "ಫೈಲ್ ಪೋಯಿಂದಿ, ಹೋಯ್ತು!"

"ಸರಿ ಅಕ್ಕ, ಏಳು," ಎಂದಳು ಹುಸೇನಮ್ಮ.

ಎದ್ದೆ. ಅವಳು ಕೂತಳು. ಪರದೆಯ ಕೆಳಗಿದ್ದ ಸಣ್ಣ ಚಿತ್ರದ ಮೇಲೆ ಮೌಸು ಒತ್ತಿದಳು, ಫೈಲು ವಾಪಸ್ ಬಂತು. ಆಮೇಲೆ ಅವಳ ಹೆಬ್ಬೆರಳು ಉದ್ದ ಬಟನ್ ಪಕ್ಕದ ಆ ಬೋಳು ಬಟನ್ ಮೇಲೆ ಹೋಯಿತು. ನೋಡದೆ ಹೋಯಿತು, ತನ್ನ ಅಡುಗೆ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋದ ಹಾಗೆ. ಅದರ ಜೊತೆ ಕಪ್ಪು ಟಿಕಳಿ ಒತ್ತಿದಳು. ಮಾವಿನಕಾಯಿ ಬಂತು, ಮೆಣಸಿನಕಾಯಿ ಬಂತು, ಉಪ್ಪು ಬಂತು, ಎಳ್ಳೆಣ್ಣೆ ಬಂತು. ಆಮೇಲೆ ಮೂರು ಬೆರಳು ಕೂಡಿಸಿ ಏನೋ ಒತ್ತಿದಳು. ನನ್ನ ಡಬ್ಬಿ ತೆರೆಯಿತು. ಎಳ್ಳೆಣ್ಣೆಗಳೆಲ್ಲ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಶೇಂಗಾ ಎಣ್ಣೆ ಆದವು.

"ವಾ!" ಎಂದರು ಮೇಡಂ.

ಹುಸೇನಮ್ಮ ಕೆಂಪು ಟಿಕಳಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ನಾನು ಅದನ್ನು ನೋಡಿದೆ. ನೋಡಿದ್ದನ್ನು ನಂಬಲಿಲ್ಲ.

ಅವರು ಮೂವರೂ ಚಹಾ ಕುಡಿಯಲು ಗಾಜಿನ ಕೋಣೆಗೆ ಹೋದರು. ನನ್ನನ್ನು ಕರೆಯುವುದನ್ನು ಮರೆತರು. ನಾನು ಮತ್ತೆ ಆ ಗಾಲಿಯ ಕುರ್ಚಿಯಲ್ಲಿ ಕೂತು ಕೆಂಪು, ಕಪ್ಪು, ಕೆಂಪು, ಹರಳು ಎಂದು ಒತ್ತುತ್ತಾ ಇದ್ದೆ. ಹಿಂದಿನಿಂದ ಯಾರೋ ಕನ್ನಡದಲ್ಲಿ ನಕ್ಕ ಹಾಗಾಯಿತು.

"ಎಂತ ಮಾರಾಯ್ರೇ, ಟಿಕ್ಲಿ ಇಟ್ಟ ಕೀಬೋರ್ಡ್ ನಾನು ಇದೇ ಮೊದಲು ನೋಡಿದ್ದು."

ಕುಂದಾಪುರ ಕಡೆಯ ಇಂಜಿನಿಯರ್ ಅಂತೆ, ಹೆಸರು ಋಷಭ್. ಆ ಮಹಡಿಯ ಕಂಪ್ಯೂಟರ್ ಎಲ್ಲ ನೋಡಿಕೊಳ್ಳುವವನು. ನಾನು ನಡೆದದ್ದು ಹೇಳಿದೆ. ಅವತ್ತು ಉಪ್ಪುಖಾರ ಹಚ್ಚದೆ ಹೇಳಿದೆ.

"ಓ, ಅಷ್ಟೇನಾ? ನಿಮ್ಮ ತಪ್ಪಲ್ಲ ಅಕ್ಕ," ಎಂದು ಅವನು ಬಗ್ಗಿ ನಿಂತ. "ನಿಮ್ಮ ಹಳೇದು ವಿಂಡೋಸ್. ಅಲ್ಲಿ ಕಂಟ್ರೋಲ್ ಮಾಡುವ ಕೆಲಸವನ್ನು ಇಲ್ಲಿ ಕಮಾಂಡ್ ಮಾಡ್ತದೆ, ಈ ಉದ್ದದ್ದರ ಪಕ್ಕದಲ್ಲಿ ಉಂಟಲ್ಲ, ಇದು. ಕಂಟ್ರೋಲ್ ಸಹ ಉಂಟು, ಆದ್ರೆ ಅದರ ಕೆಲಸ ಬೇರೆ. ಕಂಟ್ರೋಲ್ ಜೊತೆ ನಿಮ್ಮ ನೀಲಿ ಒತ್ತಿದ್ರೆ ಹಿಂದಿನ ಅಕ್ಷರ ಅಳಿಸ್ತದೆ. ಕಮಾಂಡ್ ಜೊತೆ ಅದೇ ನೀಲಿ ಒತ್ತಿದ್ರೆ ತೆರೆದ ಫೈಲಿನ ಕಿಟಕಿ ಅಡಗ್ತದೆ."

"ಒಂದ ಹೆಸರು, ಒಂದ ಜಾಗಾ, ಕೆಲಸಾ ಮಾತ್ರ ಬ್ಯಾರೆ? ಇದೆಂಥಾ ನ್ಯಾಯ ರೀ?"

"ಒಂದೊಂದು ಮನೆಯದ್ದು ಒಂದೊಂದು ಪದ್ಧತಿ ಅಲ್ವಾ? ಲಿನಕ್ಸ್ ಅಂತ ಇನ್ನೊಂದು ಉಂಟು, ಅದರದ್ದು ಮತ್ತೂ ಬೇರೆ. ಬಿಡಿ, ಸರಿ ಮಾಡ್ಲಿಕ್ಕೆ ಆಗ್ತದೆ."

ಅವನು ಸೆಟ್ಟಿಂಗ್ ತೆರೆದು ಎರಡು ಬಟನ್‌ಗಳ ಕೆಲಸವನ್ನು ಅದಲುಬದಲು ಮಾಡಿದ. ಈಗ ಮೂಲೆಯ ಕೆಂಪು ಒತ್ತಿದರೆ ಕಮಾಂಡ್ ಎಂದು ತಿಳಿಯುತ್ತಿತ್ತು. ಕೆಂಪು, ಕಪ್ಪು ಒತ್ತಿದೆ, ತಪ್ಪು ವಾಪಸ್ ಬಂತು. ಕೆಂಪು, ಹರಳು ಒತ್ತಿದೆ, ಭದ್ರವಾಯಿತು. ನೀಲಿ ಮಾತ್ರ ಇನ್ನೂ ಕಿಟಕಿ ಅಡಗಿಸುತ್ತಿತ್ತು.

"ಅದಕ್ಕೆ ಮೂರು ಬೆರಳು," ಎಂದು ಅವನು ನೀಲಿ ಟಿಕಳಿ ಕಿತ್ತು ಬೇರೆ ಅಕ್ಷರದ ಮೇಲೆ ಅಂಟಿಸಿದ. "ಕೆಂಪು, ಅದರ ಪಕ್ಕದ್ದು, ಮತ್ತೆ ಇದು."

ಒತ್ತಿದೆ. ನನ್ನ ಡಬ್ಬಿ ತೆರೆಯಿತು. ಶೇಂಗಾ ಎಣ್ಣೆಯೆಲ್ಲ ಎಳ್ಳೆಣ್ಣೆ ಮಾಡಿದೆ, ಎಳ್ಳೆಣ್ಣೆಯನ್ನು ಮತ್ತೆ ಶೇಂಗಾ ಎಣ್ಣೆ ಮಾಡಿದೆ. ಬೆರಳು ಮೊದಲಿನ ಹಾಗೆ ಓಡಿದವು. ಇಷ್ಟೇ! ಚಹಾ ಆರುವ ಮೊದಲು ಮುಗಿಯುವ ಕೆಲಸ.

"ಮೊದ್ಲೇ ಮಾಡಿಕೊಡ್ತಿದ್ದೆ ಅಕ್ಕ," ಎಂದ ಋಷಭ್. "ಟಿಕ್ಲಿ ಅಂಟಿಸ್ತಾ ಇದ್ರಲ್ಲ ಆ ಇನ್ನೊಬ್ಬರು, ಅವರಿಗೆ ಕಮಾಂಡ್ ವಿಷಯ ಎಲ್ಲಾ ನಾನೇ ಹೇಳಿಕೊಟ್ಟದ್ದು. ನಿಮ್ಮ ಗೆಳತಿ ವಿಂಡೋಸ್‌ನವರಾದ್ರೆ ಇದನ್ನು ಬದಲಿಸಿ ಇಡ್ಲಾ ಅಂತ ಕೇಳಿದೆ. ಬೇಡ, ಹಾಗೇ ಇರ್ಲಿ ಅಂದ್ರು."

ಆ ಮಹಡಿ ನೆಲಕ್ಕೆ ಇಳಿದ ಹಾಗಾಯಿತು. ಲಿಫ್ಟಿಲ್ಲದೆ.

ಗಾಜಿನ ಕೋಣೆಯಿಂದ ಅವರು ಹೊರಗೆ ಬಂದಾಗ ಮೇಡಂಗೆ ಕ್ಯಾಬ್ ಬಂದಿತ್ತು. "ಸೇಠ್, ಒಮ್ಮಿ ಇಲ್ಲಿ ನೋಡ್ರಿ, ಈಗ ಬರತೈತಿ," ಎಂದು ಕೂಗಿದೆ. ಸೇಠ್ ಕೈ ಅಲ್ಲಾಡಿಸಿ, ರೇಪು ರೇಪು, ನಾಳೆ ನೋಡೋಣ ಎಂದು ಮೇಡಂ ಹಿಂದೆ ಓಡಿದ.

ಮೆಟ್ರೋದಲ್ಲಿ ಹೆಂಗಸರ ಡಬ್ಬಿಯಲ್ಲಿ ಅಕ್ಕಪಕ್ಕ ಕೂತೆವು. ಹುಸೇನಮ್ಮ ಗಾಲಿ ಕುರ್ಚಿಯ ವಿಷಯ, ಚಹಾದ ಜೊತೆ ಕೊಟ್ಟ ಬಿಸ್ಕಿಟಿನ ವಿಷಯ ಹೇಳುತ್ತಾ ಇದ್ದಳು. ನಿಜ ಹೇಳಲಿ ಎಂದು ನಾನು ಅವಳಿಗೆ ಒಂದು ಬಾಗಿಲು ತೆರೆದಿಟ್ಟೆ.

"ಹುಸೇನಿ, ಕೆಂಪು ಟಿಕಳಿ ಎಲ್ಲಿ ಹಚ್ಚಬೇಕಂತ ಅಲ್ಲಿ ಯಾರನ್ನರ ಕೇಳಿದ್ದೇನು?"

ಅವಳು ಕಿಟಕಿ ಕಡೆ ನೋಡಿದಳು.

"ಯಾರನ್ನ ಕೇಳ್ಲಿ? ಕಂಟ್ರೋಲ್ ಅಂದ್ರ ಕಂಟ್ರೋಲ್. ನನಗೇನ ಗೊತ್ತು ಆ ಮ್ಯಾಕ್ ಹಿಂಗ ಮಾಡತೈತಂತ?"

"ಮತ್ತ ನಿನ್ನ ಬೆರಳಿಗೆ ಹ್ಯಾಂಗ ಗೊತ್ತಾತು?"

"ಅದೃಷ್ಟ ನೋಡವ್ವಾ. ಸುಮ್ನ ಒತ್ತಿದೆ, ಹತ್ತಿತು."

ನಾನು ಜೀವಮಾನವಿಡೀ ಸುಳ್ಳಿಗೆ ಬಣ್ಣ ಹಚ್ಚಿದವಳು. ಹದ್ದು ಮಾತಾಡಿತು ಎಂದರೂ ಕೇಳುವವನಿಗೆ ಒಂದು ನಗು ಸಿಗಬೇಕು, ಅದು ನನ್ನ ಲೆಕ್ಕ. ಇವಳ ಸುಳ್ಳಿನಲ್ಲಿ ಬಣ್ಣವೇ ಇರಲಿಲ್ಲ. ಅಂಥ ಸುಳ್ಳನ್ನು ನನ್ನ ಮುಖಕ್ಕೆ ಯಾರೂ ಹೇಳಿರಲಿಲ್ಲ.

ಮರುದಿನ ನಾಚಾರಂನಲ್ಲಿ ಊಟದ ಹೊತ್ತಿಗೆ ಸೇಠ್ ಪೇಡೆ ತಂದ. ಕಟಿಂಗ್‌ನ ಮಲ್ಲು, ಪ್ಯಾಕಿಂಗ್‌ನ ಹೆಂಗಸರು, ಎಲ್ಲರೂ ಸುತ್ತ ಕೂತಿದ್ದರು. ಮೇಡಂ ಹುಸೇನಮ್ಮನನ್ನು ಆರಿಸಿದ್ದಾರೆ ಎಂದು ಸೇಠ್ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪೇಡೆ ಕೆಳಗಿಟ್ಟೆ.

"ಸೇಠ್, ಆಕಿಗೆ ಆ ಬಟನ್ ವಿಷಯ ಮೊದಲ ಗೊತ್ತಿತ್ತು. ಬೇಕಂತ ಕೆಂಪು ಟಿಕಳಿ ತಪ್ಪು ಬಟನ್ನಿಗೆ ಹಚ್ಚಿದಳು. ಸರಿ ಮಾಡಿ ಕೊಡತೀನಿ ಅಂತ ಬಂದವನಿಗೆ ಬ್ಯಾಡ ಅಂದಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಮಲ್ಲು ತೊಡೆ ತಟ್ಟಿಕೊಂಡ.

"ಶುರು ಆತಲೇ! ಗುರುದೇವಕ್ಕನ ಹೊಸಾ ಕಥಿ!"

"ಕಥಿ ಅಲ್ಲೋ ಮಲ್ಲು. ಉಪ್ಪಿನಕಾಯಿ ಹೆಸರೆಲ್ಲಾ ಒಂದೊಂದ ಅಕ್ಷರ ತಿಂದ್ಕೋತ ಹೋತು..."

"ಕೀಬೋರ್ಡ್ ಉಪ್ಪಿನಕಾಯಿ ತಿಂದಿತಂತ! ರೊಟ್ಟಿ ಕೊಡಬೇಕಿತ್ತಲ್ಲಬೇ ಜೋಡಿಗೆ!"

ಪ್ಯಾಕಿಂಗ್‌ನ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಸೇಠ್ ನಕ್ಕು ನಕ್ಕು ಕೆಮ್ಮಿದ.

"ನಗಬ್ಯಾಡ್ರಿ. ಋಷಭ್ ಅಂತ ಇಂಜಿನಿಯರ್ ಅದಾನ, ಕುಂದಾಪುರದಾಂವ, ಆಂವನ್ನ ಕೇಳ್ರಿ."

"ನೀ ಕಥೆಲೋ ಸಾಕ್ಷಿ ಎಪ್ಪುಡೂ, ಯಾವಾಗ್ಲೂ, ದೂರದ ಊರಿನವನೇ ಇರ್ತಾನೆ ಕದಾ ಅಮ್ಮಾ!" ಸೇಠ್ ಕಣ್ಣು ಒರೆಸಿಕೊಂಡ. "ಹೋದ ಸಾರಿ ಮೊಸಳೆ ಕಥೆಗೆ ರಾಯಚೂರು ಪೂಜಾರಿ ಇದ್ದ. ಅಯ್ಯೋ, ಸಾಕು, ಹೊಟ್ಟೆ ನೋವು. ಪೇಡೆ ತಿನ್ನು."

ನಾನು ಎಲ್ಲರ ಮುಖ ನೋಡಿದೆ. ಇಷ್ಟು ವರ್ಷ ಇದೇ ಮುಖಗಳನ್ನು ಹೀಗೇ ನಗಿಸಿದ್ದೆ, ಹೆಮ್ಮೆಪಟ್ಟಿದ್ದೆ. ಇವತ್ತು ಒಂದು ಮಾತು ನಂಬಿ ಎಂದರೆ ಒಬ್ಬರಿಗೂ ಆಗಲಿಲ್ಲ.

ಹುಸೇನಮ್ಮ ಮಾತ್ರ ನಗುತ್ತಿರಲಿಲ್ಲ. ತಲೆ ತಗ್ಗಿಸಿ ಪೇಡೆಯನ್ನು ಬೆರಳಲ್ಲಿ ಪುಡಿ ಮಾಡುತ್ತಾ ಕೂತಿದ್ದಳು. ಅಷ್ಟು ಜನರಲ್ಲಿ ನಾನು ಹೇಳಿದ್ದು ನಿಜ ಎಂದು ನಂಬಿದವಳು ಅವಳೊಬ್ಬಳೇ.

ಊಟ ಮುಗಿದ ಮೇಲೆ ನಾನು ಕಟಿಂಗ್ ಕೋಣೆಗೆ ಹೋದೆ. ಮಲ್ಲು ಹಾಳೆ ಕೊಡುವುದು ಹೇಗೆ ಎಂದು ತೋರಿಸಿ, ನಗುತ್ತಲೇ ಬೀಡಿ ಸೇದಲು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಹುಸೇನಮ್ಮ ಬಂದು ನಿಂತಳು. ಒಳಗೆ ಬರಲಿಲ್ಲ.

"ಗುರುದೇವಿ, ನಾಳಿಂದ ನಾ ಹಬ್ಸಿಗೂಡಾದಾಗ ಮೆಟ್ರೋ ಹತ್ತಬೇಕು. ಅಲ್ಲೀತನಕ ಮುಂಜಾನಿ ಬಸ್ಸಿನಾಗ ಕೂಡೇ ಹೋಗೂಣಲ್ಲ?"

"ಹಬ್ಸಿಗೂಡಾದಾಗ ನಂದೇನೈತಿ? ನನ್ನ ಕೆಲಸಾ ಇಲ್ಲೇ."

"ಸಿಟ್ಟಾಗಿ ಏನು?"

"ರೊಟ್ಟಿ ಮ್ಯಾಲ ಕೈ ಇಟ್ಟಿದ್ದಿಯಲ್ಲ, ಆ ರೊಟ್ಟಿ ಆಮ್ಯಾಲ ನೀನ ತಿಂದಿ. ಹ್ಯಾಂಗ ಇಳೀತ ಗಂಟಲದಾಗ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮುಖ ಕೆಂಪಾಯಿತು. ಏನೋ ಹೇಳಬೇಕು ಎಂದು ಬಾಯಿ ತೆರೆದಳು.

ನಾನು ಮಿಷನ್ನಿನ ಹಸಿರು ಬಟನ್ ಒತ್ತಿದೆ. ಅದು ಗರಗರ ಎಂದು ಓಡತೊಡಗಿತು. ಅವಳ ತುಟಿ ಅಲ್ಲಾಡುವುದು ಕಾಣಿಸಿತು, ಮಾತು ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕೆಂದು ನಾನು ಮಿಷನ್ ನಿಲ್ಲಿಸಲಿಲ್ಲ. ಶೇಂಗಾ ಎಣ್ಣೆ ಎಂದು ಅಚ್ಚಾದ ಮೊದಲ ಹಾಳೆಯನ್ನು ಎತ್ತಿ, ಅಂಚು ನೋಡಿ, ಒಳಗೆ ಕೊಟ್ಟೆ.